ಹೆಗಲ ಮೇಲೆ ದಾಟಿದ ಸೇತುವೆ

ನೋಡಿ, ಒಂದು ರಾಜ್ಯದಲ್ಲಿ ಒಬ್ಬ ಸೇನಾಪತಿ ಇದ್ದ. ಬರೀ ಕುದುರೆ ಮೇಲೆ ಕೂತು ಕೈ ತೋರಿಸೋ ಸೇನಾಪತಿ ಅಲ್ಲ. ದಂಡು ಹೊಳೆ ದಾಟಬೇಕು ಅಂದ್ರೆ, ಸೇತುವೆ ಮೇಲೆ ಮೊದಲು ಇವನೇ ಚಪ್ಪಲಿ ಬಿಟ್ಟು ನಡೀತಿದ್ದ. "ಹಲಗೆ ಗಟ್ಟಿ ಇದೆ ಅಂತ ಯಾರೂ ನನಗೆ ಹೇಳಬೇಡಿ, ನನ್ನ ಕಾಲು ಹೇಳಲಿ" ಅಂತಿದ್ದ. ಆಮೇಲೆ ಸೈನಿಕರು. ಅವನ ದಂಡಿನಲ್ಲಿ ಒಬ್ಬನೇ ಒಬ್ಬನೂ ನೀರುಪಾಲಾಗಲಿಲ್ಲ.

ಯುದ್ಧ ಮುಗೀತು. ರಾಜ ಕರೆದು ಹೇಳಿದ, "ಇನ್ನು ಕತ್ತಿ ಸಾಕು. ರಸ್ತೆ, ಸೇತುವೆ, ಕೆರೆ ಎಲ್ಲಾ ನೀನೇ ನೋಡ್ಕೋ." ಈಗ ನಾವು ಲೋಕೋಪಯೋಗಿ ಮಂತ್ರಿ ಅಂತೀವಲ್ಲ, ಅದೇ. ಮಂತ್ರಿಯಾದವನೇ ಅಧಿಕಾರಿಗಳನ್ನ ಕೇಳಿದ, "ಸೇತುವೆಗಳು ಹೇಗಿವೆ?" "ಎಲ್ಲಾ ಭದ್ರವಾಗಿವೆ ಸ್ವಾಮಿ." ಇವನು ನಂಬಲಿಲ್ಲ. ನಂಬಲಿಲ್ಲ! ಅಲ್ಲೀವರೆಗೆ ಮನುಷ್ಯ ಸರಿಯಾಗೇ ಇದ್ದ. "ನಾನೇ ನಡೆದು ನೋಡ್ತೀನಿ" ಅಂತ ಹೊರಟ.

ಒಂದೂರಿಗೆ ಬಂದ. ಊರಾಚೆ ಹೊಳೆ, ಹೊಳೆಗೆ ಹಳೇ ಮರದ ಸೇತುವೆ. ಊರಿನವರು ಏನು ಮಾಡಿದ್ರು? ಡೊಳ್ಳು, ಹಾರ, ಜಯಕಾರ! ಅವನು ಚಪ್ಪಲಿ ಬಿಟ್ಟು ಸೇತುವೆ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ನಾಲ್ಕು ಜನ ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಕೂರಿಸ್ಕೊಂಡ್ರು. "ಅಯ್ಯೋ, ಬೇಡ್ರಪ್ಪ, ಇಳಿಸಿ" ಅಂದ. "ಗೆದ್ದು ಬಂದ ಸೇನಾಪತಿಗಳು ನಮ್ಮೂರಲ್ಲಿ ಬರಿಗಾಲಲ್ಲಿ ನಡೆಯೋದಾ? ನಮಗೇ ಅವಮಾನ!" ಅಂದ್ರು.

ಯುದ್ಧದಲ್ಲಿ ಇವನು ಯಾವ ಮಾತನ್ನೂ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಅವತ್ತು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ? ಹಿತವಾಗಿತ್ತು ಸ್ವಾಮಿ! ಹೆಗಲ ಮೇಲೆ ಹಿತವಾಗಿತ್ತು! ಆಚೆ ದಡದಲ್ಲಿ ಇಳಿದು, ಹಾರ ಸರಿ ಮಾಡ್ಕೊಂಡು, "ಸೇತುವೆ ಭದ್ರವಾಗಿದೆ" ಅಂತ ಹೇಳಿ ಹೋದ.

ಮಳೆ ಹಿಡೀತು. ಸಂತೆ ದಿನ ಸೇತುವೆ ಮುರೀತು. ಮಡಕೆ ಮಾರೋಕೆ ಹೊರಟಿದ್ದ ಕುಂಬಾರನ ಹೆಂಡತಿ ಹೊಳೇಲಿ ಕೊಚ್ಚಿಹೋದಳು.

ಸುದ್ದಿ ಕೇಳಿ ಮಂತ್ರಿ ಓಡಿ ಬಂದ. ಈ ಸಲ ಡೊಳ್ಳಿಲ್ಲ. ದಡದಲ್ಲಿ ಕುಂಬಾರ ಒಬ್ಬನೇ ಕೂತಿದ್ದ. ಮುಖ ನೋಡ್ತಿದ್ದ ಹಾಗೇ ಮಂತ್ರಿಗೆ ಗುರುತು ಸಿಕ್ಕಿತು. ಅವತ್ತು ತನ್ನನ್ನ ಹೊತ್ತ ನಾಲ್ವರಲ್ಲಿ ಇವನೊಬ್ಬ!

"ಅವತ್ತು ನಿನಗೇನೂ ಗೊತ್ತಾಗಲಿಲ್ವೇನಪ್ಪ?"

"ಗೊತ್ತಾಯ್ತು ಬುದ್ಧಿ. ನಡು ಸೇತುವೇಲಿ ನನ್ನ ಕಾಲಡಿ ಹಲಗೆ ಜಗ್ಗಿತು. ನೀವು ಹೆಗಲ ಮೇಲಿದ್ರಿ. ಅಂಥ ಒಳ್ಳೇ ಹೊತ್ತಲ್ಲಿ ಕೆಟ್ಟ ಮಾತು ಹೆಂಗೆ ಆಡಲಿ ಅಂತ ಸುಮ್ಮನಾದೆ."

ಮಂತ್ರಿ ಅವನ ಪಕ್ಕ ಕೆಸರಲ್ಲೇ ಕುಸಿದು ಕೂತ. "ಆ ಹಲಗೆ ಜಗ್ಗಬೇಕಿದ್ದು ನನ್ನ ಕಾಲಡೀಲಿ ಕಣಪ್ಪ" ಅಂತ ಅತ್ತ. ಅತ್ತರೆ ಹೋದವಳು ಬಂದಾಳಾ?

ಈಗ ಹೇಳಿ, ನಿಮಗೆ ಯಾರ ಮೇಲೆ ಸಿಟ್ಟು ಬಂತು? ಮಂತ್ರಿ ಮೇಲೆ ತಾನೇ? ನನಗೂ ಬಂತು. ಆದ್ರೆ ಹೊತ್ತವರು ಯಾರ್ರೀ? ದೊಡ್ಡವರು ಬರ್ತಾರೆ ಅಂದ್ರೆ ಗುಂಡಿ ಮೇಲೆ ಜಮಖಾನ ಹಾಸೋರು ಯಾರು? ನಾವೇ! ಹಾಸಿ, ಕೈ ಮುಗಿದು, "ಎಲ್ಲಾ ನಿಮ್ಮ ದಯೆ" ಅಂತೀವಿ. ಅವರು ಹೋದ ಮೇಲೆ ಅದೇ ಗುಂಡೀಲಿ ನಮ್ಮ ಮಕ್ಕಳು ಬೀಳ್ತಾರೆ. ನಾಚಿಕೆ ಆಗಬೇಡವಾ? ಹಾರ ಹಾಕಿ, ಬೇಡ ಅನ್ನಲ್ಲ. ಆದ್ರೆ ಕೈ ಹಿಡಿದು ಹಾಳಾದ ದಾರೀಲೇ ನಡೆಸಿ!

ನಗಬೇಡಿ, ನಗಬೇಡಿ. ಮನೇಲಿ ನೀವೂ ಸೇನಾಪತಿಗಳೇ! ಕೂತಲ್ಲಿಗೆ ಕಾಫಿ, ಕೂತಲ್ಲಿಗೆ ತಟ್ಟೆ. "ನಮ್ಮನೇಲಿ ಎಲ್ಲಾ ಚೆನ್ನಾಗಿದೆ" ಅಂತ ಊರೆಲ್ಲಾ ಹೇಳ್ತೀರಿ. ನಿಮ್ಮನ್ನ ಹೊತ್ತಿರೋ ಆ ತಾಯಿ, ಆ ಹೆಂಡತಿ, ಆ ಸೊಸೆ, ಅವರ ಕಾಲಡಿ ಏನು ಜಗ್ತಾ ಇದೆ ಅಂತ ಒಂದು ದಿನ ಕೇಳಿದ್ದೀರಾ? ನಾಳೆ ಬೆಳಿಗ್ಗೆ ನೀವೇ ಎದ್ದು ಒಲೆ ಹಚ್ಚಿ, ನೀವೇ ನೀರು ತನ್ನಿ. "ಅಯ್ಯೋ, ನಿಮಗ್ಯಾಕೆ, ಕೂತ್ಕೊಳ್ಳಿ" ಅಂತ ಅವರು ಅಂದೇ ಅಂತಾರೆ. ಕೂರಬೇಡಿ. ಇಳಿಸಿ ಅನ್ನೋ ಮಾತನ್ನ ಎರಡನೇ ಸಲ ಹೇಳಿ.