ಮೇಲೇಳದ ಕೊಳ

ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದ ಹೆಂಗಸಿನ ಕಿವಿಯೆಲ್ಲ ಎದುರಿನ ಬೆಂಚಿನ ಮೇಲಿತ್ತು. ಅಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದಿ ಮೇಸ್ತ್ರಿ ಕೂತಿದ್ದ. ಆಗಷ್ಟೇ ಬಂದ ಮಗಳ ಚಪ್ಪಲಿ ತುಂಬ ಕಡಲ ಮರಳು.

"ಹೋಟೆಲಿನವರು ನಾನು ಕಟ್ಟಿದ ಈಜುಕೊಳ ಖಾಲಿ ಮಾಡಿದ್ದು ನಿಜವೇನೇ?"

"ತೊಳೆಯೋಕೆ ಅಂತ ಒಂದು ಹನಿ ಬಿಡದೆ ಬಸಿದಿದಾರಪ್ಪ. ಅದೂ ಇಂಥ ಮಳೇಲಿ."

"ಅಯ್ಯೋ! ಮರಳಿನ ಕೆಳಗೆ ನೀರು ಉಕ್ಕಿದ್ರೆ ಖಾಲಿ ಕೊಳ ದೋಣಿ ಥರ ಮೇಲೇಳುತ್ತೆ ಅಂತ ಬಡ್ಕೊಂಡಿದ್ದೆ."

"ಪಕ್ಕದ ಹೋಟೆಲಿಂದು ಎದ್ದೇಬಿಟ್ಟಿದೆ. ಮೊಣಕಾಲುದ್ದ!"

"ನಮ್ಮದು?"

"ಅಂಚಿನ ಸುತ್ತ ಕೈಯಾಡಿಸಿ ನೋಡ್ದೆ. ಕೂದಲೆಳೆಯಷ್ಟೂ ಬಿರುಕಿಲ್ಲ."

ಮುದುಕ ನೆಮ್ಮದಿಯ ಉಸಿರು ಬಿಟ್ಟ.

"ನೆಲದೊಳಕ್ಕೆ ನಲವತ್ತು ಅಡಿ ಕಂಬ ಇಳಿಸಿ ಕೊಳದ ತಳವನ್ನ ಅದಕ್ಕೆ ಬಿಗಿದಾಗ ಎಲ್ಲರೂ ನಕ್ಕಿದ್ರು. ಕೊಳ ಏನು ಪಾತಾಳಕ್ಕೆ ಬೀಳುತ್ತಾ ಅಂತ."

"ಬೀಳದಿರಲಿ ಅಂತಲ್ಲ, ಏಳದಿರಲಿ ಅಂತ ನೀನು ಅಂದಿದ್ದು ಇವತ್ತು ಮಾಲೀಕರ ತಲೆಗೆ ಹೋಯ್ತು. ಖಾಲಿ ಕೊಳದಲ್ಲಿ ನಿಂತು ಹೊಗಳಿದ್ದೇ ಹೊಗಳಿದ್ದು."

"ಮೊದಲು ನೀರು ತುಂಬಿಸೋಕೆ ಹೇಳು. ಆಮೇಲೆ ಹೊಗಳಲಿ."

ನರ್ಸ್ ಕರೆದಳು. ಮಗಳ ಹೆಗಲು ಹಿಡಿದು ಎದ್ದ ಮೇಸ್ತ್ರಿ, ಆಸ್ಪತ್ರೆಯ ನೆಲವನ್ನು ಕಾಲಿನಿಂದ ಎರಡು ಸಲ ತಟ್ಟಿ ನೋಡಿದ.

"ಯಾರು ಕಟ್ಟಿದ್ದೋ, ಪರವಾಗಿಲ್ಲ" ಎಂದು ತಲೆದೂಗಿ ಒಳಗೆ ಹೋದ.