ಒಂಬತ್ತು ಬಟ್ಟಲು, ಎಂಟು ಬಟ್ಟಲು

ಮರುದಿನ ಹೊಸ ವರ್ಷದ ಹಬ್ಬ. ಬೊಕ್‌ಸುನ್ ಗಿರಣಿಯಿಂದ ತಂದ ಅಕ್ಕಿ ಕಡುಬಿನ ಬಿಸಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜೊಂಜು ನಗರದ ಬಸ್ಸಿನಲ್ಲಿ ಕುಳಿತಿದ್ದಳು. ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು, ಇಬ್ಬರ ನಡುವೆ ಲೆಕ್ಕದ ಪುಸ್ತಕ. ಅವರ ಮಾತು ಅವಳಿಗೆ ಕೇಳಿಸುತ್ತಿತ್ತು.

“ಅಣ್ಣನಿಗೆ ಒಂಬತ್ತು ವರ್ಷ, ತಂಗಿಗೆ ಎಂಟು. ಅಣ್ಣ ಎಷ್ಟು ದೊಡ್ಡವನು? ಹೇಳು ಸೆಬಿನ್.”

“ಗೊತ್ತಾಗ್ತಿಲ್ಲ ಅಜ್ಜಿ.”

“ಹೊಸ ವರ್ಷದ ಹಬ್ಬಕ್ಕೊಂದು ಬಟ್ಟಲು ಕಡುಬಿನ ಸಾರು ತಿಂದ್ರೆ ವಯಸ್ಸು ಒಂದು ಏರುತ್ತಲ್ಲ, ಬಟ್ಟಲಿಗೊಂದು ವರ್ಷ. ಇಲ್ನೋಡು.”

ಮಂಜು ಹಿಡಿದ ಕಿಟಕಿಯ ಗಾಜಿನ ಮೇಲೆ ಅಜ್ಜಿ ಬೆರಳಿನಿಂದ ಬಟ್ಟಲುಗಳನ್ನು ಬರೆದಳು. ಮೇಲಿನ ಸಾಲಿಗೆ ಒಂಬತ್ತು, ಅವುಗಳ ಕೆಳಗೆ ಎಂಟು.

“ಜೊತೆ ಇಲ್ಲದ್ದು ಎಷ್ಟು?”

“ಒಂದು.”

“ಜಾಣೆ. ನಾಳೆ ಹಬ್ಬ ಆದ್ಮೇಲೆ?”

ಹುಡುಗಿ ಕೆಳಗಿನ ಸಾಲಿಗೆ ಇನ್ನೊಂದು ಬಟ್ಟಲು ಸೇರಿಸಿದಳು. “ಇಬ್ಬರೂ ಸಮ.”

“ಪೆದ್ದಿ, ಅಣ್ಣನೂ ತಿಂತಾನಲ್ಲ.”

“ನಮ್ಮಣ್ಣ ಸತ್ತೋದ್ನಲ್ಲ ಅಜ್ಜಿ. ಅವನದು ಒಂಬತ್ತೇ.”

ಅಜ್ಜಿಯ ಬೆರಳು ಗಾಜಿನ ಮೇಲೆಯೇ ನಿಂತಿತು.

“ಇದು ಪುಸ್ತಕದ ಅಣ್ಣ ಕಣೇ,” ಎಂದಳು.

“ನಾಳೆ ನಂಗೆ ಸಾರು ಬೇಡ.”

“ಅಮ್ಮ ಅಳ್ತಾಳೆ ಮಗಾ. ನಿಂಗೋಸ್ಕರ ಬೆಳಿಗ್ಗೆಯಿಂದ ಸಾರಿಗೆ ಅಂತ ಮೂಳೆ ಬೇಯಿಸ್ತಿದಾಳೆ.”

“ನಾನು ತಿಂದ್ರೆ ನಂಗೂ ಒಂಬತ್ತಾಗತ್ತೆ, ಆಗ ಅವನು ಯಾರಿಗೆ ಅಣ್ಣ?”

ಅಜ್ಜಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. ಅವರ ನಿಲ್ದಾಣ ಬಂದಿತ್ತು. ಹುಡುಗಿ ಎದ್ದವಳು ಗಾಜಿನ ಕಡೆ ಬಾಗಿ, ತಾನು ಸೇರಿಸಿದ ಬಟ್ಟಲಿನ ಅರ್ಧವನ್ನು ತೋಳಿನಿಂದ ಒರೆಸಿದಳು.

“ಅರ್ಧ ತಿಂತೀನಿ. ಆಗ್ಲೂ ಅವನೇ ದೊಡ್ಡೋನು ತಾನೆ?”

“ಹೂಂ, ಅವನೇ,” ಎನ್ನುತ್ತ ಅಜ್ಜಿ ಅವಳ ಕೈ ಹಿಡಿದುಕೊಂಡು ಇಳಿದಳು.