ವರ್ಲಿನ್‌ನ ಟ್ರಕ್ಕು ಪಾರ್ಕಿನ ಎದುರು ಯಾಕೆ ನಿಲ್ಲುತ್ತಿತ್ತು

ಈ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿರುವ ಎಲ್ಲರಿಗೂ ನನ್ನ ವಂದನೆ. ವರ್ಲಿನ್‌ನನ್ನು ಕಳೆದುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿರುವ ಅವನ ಹೆಂಡತಿ ಆರ್ಡಿತ್ ಅವರಿಗೆ, ಲಿಂಕನ್ ಪಟ್ಟಣದಿಂದ ಬಂದಿರುವ ಅವರ ಮಗಳಿಗೆ, ಪಾದ್ರಿಗಳಿಗೆ, ಅಡುಗೆಮನೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಕಟ್ಟುತ್ತಾ ಬಾಗಿಲ ಸಂದಿಯಿಂದ ಕಿವಿಗೊಟ್ಟಿರುವ ತಾಯಂದಿರಿಗೆ — ನನಗೆ ಕಾಣಿಸುತ್ತಿದ್ದೀರಿ, ಹೊರಗೇ ಬನ್ನಿ — ನಿಮಗೂ ವಂದನೆ.

ನಾನು ಲೋವೆಲ್ ಕ್ವಿಟ್ನಿ. ವರ್ಲಿನ್ ಹಾಸ್ಕೆ ತನ್ನ ಗ್ಯಾರೇಜಿನಲ್ಲಿ ಮಣ್ಣಿನಡಿಯ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್ ಮಾರುತ್ತಿದ್ದ, ಅದೇ ಗ್ಯಾರೇಜಿನ ಹಿಂದಿನ ಮೂಲೆಯಲ್ಲಿ ನಾನು ಅವನ್ನು ರಿಪೇರಿ ಮಾಡುತ್ತಿದ್ದೆ. ನನ್ನ ಸ್ವಭಾವ ನಿಮಗೆ ಗೊತ್ತಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿ ಬದುಕಿದವನು ನಾನು. ಕಾಫಿಯ ಸಾಲಿನಲ್ಲಿ ನಿಂತಿದ್ದಾಗಲೂ ಯಾರು ಯಾರ ಕಿವಿಯಲ್ಲಿ ಏನು ಹೇಳಿದರು ಎಂದು ಗಮನಿಸುತ್ತಲೇ ಇದ್ದೆ. ನಾನು ಹತ್ತಿರ ಬಂದ ಕೂಡಲೇ ನೀವು ಹವಾಮಾನದ ಮಾತಿಗೆ ಇಳಿದಿರಿ. ಅಷ್ಟು ಹೊತ್ತು ಹವಾಮಾನದ ಬಗ್ಗೆ ಅಷ್ಟು ಮೆಲ್ಲಗೆ ಯಾರೂ ಮಾತಾಡುವುದಿಲ್ಲ, ಮಾರಾಯರೇ!

ಸತ್ತವನ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡೋಣ. ಆದರೆ ಊರು ಬೇರೇನೋ ಆಡುತ್ತಿದೆ. ನಾನದನ್ನು ಕೇಳಿಲ್ಲ ಎಂಬಂತೆ ಹೂವಿನ ಪಕ್ಕ ನಿಂತು ಭಾಷಣ ಮಾಡಲಾರೆ. ಆರ್ಡಿತ್ ಅವರೇ ನಿನ್ನೆ ನನಗೆ ಹೇಳಿದರು — "ಲೋವೆಲ್, ಗುಸುಗುಸು ಎಲ್ಲರ ಮುಂದೆಯೇ ನಡೀತಾ ಇದೆ. ನಿಂಗೇನಾದ್ರೂ ಗೊತ್ತಿದ್ರೆ ಅದನ್ನೂ ಎಲ್ಲರ ಮುಂದೆಯೇ ಹೇಳು." ಅವರ ಅಪ್ಪಣೆಯ ಮೇಲೆ ಮಾತಾಡುತ್ತಿದ್ದೇನೆ.

ವಿಷಯ ಇದು. ವರ್ಲಿನ್‌ನ ಅಪ್ಪ ಹೆದ್ದಾರಿಯ ಪಕ್ಕ ಪೆಟ್ರೋಲ್ ಬಂಕ್ ನಡೆಸುತ್ತಿದ್ದರು. ಸರಕಾರ ಬೆಳ್ಳಿ ನಾಣ್ಯ ನಿಲ್ಲಿಸಿದಾಗ ಆ ಮನುಷ್ಯ ಗಲ್ಲಾದಲ್ಲಿ ಬಂದ ಬೆಳ್ಳಿಯನ್ನೆಲ್ಲ ಆರಿಸಿ ಆರಿಸಿ ಒಂದು ಕಾಫಿ ಡಬ್ಬದಲ್ಲಿ ಹಾಕಿಟ್ಟರು. ಹತ್ತು ಸೆಂಟಿನ ಡೈಮ್‌ಗಳು, ಅರ್ಧ ಡಾಲರ್‌ಗಳು. ಮಗನಿಗೆ ಬಿಟ್ಟುಹೋದ ಆಸ್ತಿ ಎಂದರೆ ಅದೇ. ಉಪ್ಪಿನಕಾಯಿ ಬಾಟಲಿಗಳ ಹಿಂದೆ ಆ ಡಬ್ಬ ಇರುತ್ತಿತ್ತು. ವರ್ಲಿನ್ ತೀರಿಕೊಂಡ ಮೇಲೆ ಆರ್ಡಿತ್ ತೆಗೆದು ನೋಡಿದರೆ — ಖಾಲಿ. ತಳದಲ್ಲಿ ಒಂದು ಸೆಂಟೂ ಇಲ್ಲ.

ಇನ್ನೊಂದು ಕಡೆ, ನಮ್ಮ ಊರಿನಲ್ಲಿ ಒಬ್ಬ ಹೆಣ್ಣುಮಗಳು ಹಳೆಯ ಬೆಳ್ಳಿ ಡೈಮ್ ಒಂದನ್ನು ಸರಕ್ಕೆ ಪೋಣಿಸಿ ಕತ್ತಿನಲ್ಲಿ ಹಾಕಿಕೊಂಡಿದ್ದಾಳೆ. ಬ್ಯೂಟಿ ಪಾರ್ಲರ್ ನಡೆಸುವ ಡೊನೆಟ್. ಗಂಡ ತೀರಿಕೊಂಡ ವರ್ಷ ಅವಳು ನಮ್ಮಲ್ಲಿ ಮಷೀನು ಕೊಂಡಳು. ಅವಳು ಪಾರ್ಕಿನಲ್ಲಿ ಮಷೀನು ಆಡಿಸುತ್ತಿದ್ದರೆ ರಸ್ತೆಯ ಈಚೆ ವರ್ಲಿನ್‌ನ ಟ್ರಕ್ಕು ನಿಂತಿರುತ್ತಿತ್ತು. ಅವನು ಒಳಗೆ ಕೂತು ಅವಳನ್ನೇ ನೋಡುತ್ತಿದ್ದ. ನೋಡಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಖಾಲಿ ಡಬ್ಬ, ಕತ್ತಿನಲ್ಲಿ ಬೆಳ್ಳಿ, ಪಾರ್ಕಿನ ಎದುರು ಟ್ರಕ್ಕು — ಎರಡಕ್ಕೆ ಎರಡು ಕೂಡಿಸಲು ನಮ್ಮ ಊರಿಗೆ ಯಾರೂ ಕಲಿಸಬೇಕಿಲ್ಲ.

ಕೂಡಿಸಿದ್ದಕ್ಕೆ ನಿಮ್ಮನ್ನು ಬಯ್ಯುವುದಿಲ್ಲ. ಮೊದಲು ಕೂಡಿಸಿದವನು ನಾನು.

ಈ ಕಸುಬಿನವರು ಹುಟ್ಟಾ ಅನುಮಾನದ ಪ್ರಾಣಿಗಳು. ಮೆಟಲ್ ಡಿಟೆಕ್ಟರ್ ಹಿಡಿದವನಿಗೆ ಸುಳ್ಳು ಪಾಪವಲ್ಲ, ಮುಂಜಾಗ್ರತೆ. ಉತ್ತರದಲ್ಲಿ ಸಿಕ್ಕಿದ್ದನ್ನು ದಕ್ಷಿಣದಲ್ಲಿ ಸಿಕ್ಕಿತು ಎನ್ನುತ್ತೇವೆ. ಮಿಲ್ಟ್ ಸೆಡ್ಲಾಚೆಕ್ ಅಲ್ಲಿ ತಲೆ ತಗ್ಗಿಸಿದ್ದಾನೆ ನೋಡಿ — ಅವನ ಒಳ್ಳೆಯ ಜಾಗ ಯಾವುದು ಎಂದು ಅವನ ಹೆಂಡತಿಗೂ ತಿಳಿಯದು. ಅಂಥ ನಾವೆಲ್ಲ ಹೊಸದಾಗಿ ಮಷೀನು ಕೊಂಡಾಗ ವರ್ಲಿನ್ ಏನು ಹೇಳಿದ? ಕೈ ಎತ್ತಬೇಡಿ, ನಾನೇ ಹೇಳುತ್ತೇನೆ. "ಮೊದಲ್ನೇ ಸಲ ಪಾರ್ಕಿಗೆ ಹೋಗು. ಬ್ಯಾಂಡ್ ಬಾರಿಸೋ ಕಟ್ಟೆಯಿಂದ ಶುರುಮಾಡಿ ಆ ಎಲ್ಮ್ ಮರದ ಕಡೆಗೆ ನಿಧಾನಕ್ಕೆ ಬಾ. ಅವಸರ ಮಾಡ್ಬೇಡ." ಹೋದೆವು. ಸಿಕ್ಕಿತು. ನಮ್ಮ ಹಿಂದೆ ಬಂದವನಿಗೂ ಸಿಕ್ಕಿತು, ಅವನ ಹಿಂದಿನವನಿಗೂ ಸಿಕ್ಕಿತು. ಊರಿನವರೆಲ್ಲ ಅಗೆದರೂ ಆ ಒಂದು ಮರದಡಿ ಬೆಳ್ಳಿ ಮುಗಿಯಲೇ ಇಲ್ಲ. ಒಬ್ಬರಿಗಾದರೂ — ಅಕ್ಕಪಕ್ಕದವನ ಜೇಬನ್ನೂ ನಂಬದ ನಮ್ಮಲ್ಲಿ ಒಬ್ಬರಿಗಾದರೂ — ಅನುಮಾನ ಬಂತೇ? ಇಲ್ಲ. ಪಕ್ಕದವನ ಅದೃಷ್ಟದ ಮೇಲೆ ನಮಗೆ ಅನುಮಾನ. ನಮ್ಮ ಅದೃಷ್ಟದ ಮೇಲೆ ಯಾವನಿಗೆ ಅನುಮಾನ ಬರುತ್ತದೆ!

ನನಗೆ ಅನುಮಾನ ಬಂದದ್ದು ಡೊನೆಟ್ ಅಗೆದ ಗುಂಡಿಯಿಂದ.

ಅವತ್ತು ಅವಳು ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಗ್ಯಾರೇಜಿಗೆ ಓಡಿಬಂದಳು. "ಸಿಕ್ತು! ವರ್ಲಿನ್, ಸಿಕ್ತು!" ಅಂಗೈ ಹೀಗೆ ಬಿಚ್ಚಿದಳು. ಗಂಡ ಸತ್ತ ಮೇಲೆ ಆ ಹೆಣ್ಣುಮಗಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂದು ಸಂಜೆ ನಾನು ಆ ಗುಂಡಿಯನ್ನು ಮತ್ತೊಮ್ಮೆ ಪರೀಕ್ಷಿಸಿದೆ. ಒಂದರ ಕೆಳಗೆ ಇನ್ನೊಂದು ಇರುತ್ತದೆ ಎನ್ನುವುದು ನಮ್ಮ ಕಸುಬಿನ ಪಾಠ. ಇತ್ತು. ಸೋಡಾ ಡಬ್ಬದ ಬಾಯಿ ಕೀಳುತ್ತಿದ್ದ ಅಲ್ಯೂಮಿನಿಯಂ ಉಂಗುರ. ನಾನು ಹೈಸ್ಕೂಲಿನಲ್ಲಿದ್ದ ಕಾಲದ ಕಸ ಅದು.

ಯೋಚನೆ ಮಾಡಿ. ನಾಣ್ಯ ನನ್ನ ಅಪ್ಪನ ಕಾಲದ್ದು, ಉಂಗುರ ನನ್ನ ಕಾಲದ್ದು. ಹಾಗಾದರೆ ಕೆಳಗೆ ಯಾವುದು ಇರಬೇಕು? ನಾಣ್ಯ. ಅಲ್ಲಿ ಉಂಗುರ ಕೆಳಗಿತ್ತು, ನಾಣ್ಯ ಮೇಲಿತ್ತು. ಮಣ್ಣು ಲೆಕ್ಕ ತಪ್ಪುವುದಿಲ್ಲ. ಯಾರೋ ಮನುಷ್ಯ ಅದನ್ನು ಅಲ್ಲಿ ಇಟ್ಟಿದ್ದಾನೆ.

ನಾನು ಬಾಯಿ ಬಿಡಲಿಲ್ಲ. ವರ್ಲಿನ್ ಮುಂಜಾನೆ ಹೊರಡುವುದನ್ನು ಕಾದು, ಹಿಂದೆಯೇ ಹೋದೆ. ಮರದಡಿ ಅವನು ಮೊಣಕಾಲೂರಿದ್ದ. ಹುಲ್ಲಿನ ಹೆಂಟೆಯನ್ನು ಅಚ್ಚುಕಟ್ಟಾಗಿ ಕೊಯ್ದು ಎತ್ತಿದ, ಜೇಬಿನಿಂದ ಏನೋ ತೆಗೆದು ಒಳಗಿಟ್ಟ, ಹೆಂಟೆ ಮುಚ್ಚಿ ಹೀಗೆ — ಬೂಟಿನ ಹಿಮ್ಮಡಿಯಿಂದ — ಮೆಲ್ಲಗೆ ಒತ್ತಿದ. ಬಾಟಲಿಯಿಂದ ನೀರು ಚಿಮುಕಿಸಿದ. ಸಸಿ ನೆಡುವವನ ಹಾಗೆ ಇದ್ದ.

ನಾನು ಹಿಂದಿನಿಂದ ಕೂಗಿದೆ: "ಲೋ ಕಳ್ಳ!"

ಅವನು ಬೆಚ್ಚಿಬಿದ್ದ. ಆಮೇಲೆ ನನ್ನನ್ನು ನೋಡಿ, "ಕಳ್ಳ ತಗೊಂಡ್ಹೋಗ್ತಾನೆ ಕಣೋ. ನಾನು ಇಟ್ಟು ಹೋಗ್ತಾ ಇದ್ದೀನಿ," ಅಂದ.

"ಇದು ಮೋಸ ಅಲ್ವೇನೋ?"

"ಮೋಸಾನೇ ಇರ್ಬೋದು. ಮಣ್ಣು ಭಾರೀ ಜಿಪುಣ, ಲೋವೆಲ್. ಮೊದಲ್ನೇ ದಿನ ಏನಾದ್ರೂ ಕೊಟ್ರೆ, ಆಮೇಲೆ ಎಷ್ಟು ದಿನ ಕೊಡದೇ ಇದ್ರೂ ಜನ ಕಾಯ್ತಾರೆ. ಕೊಡದೇ ಹೋದ್ರೆ ಮಷೀನು ಕಪಾಟು ಸೇರುತ್ತೆ, ಅವರು ಮತ್ತೆ ಟಿವಿ ಮುಂದೆ ಕೂರ್ತಾರೆ."

"ಮಷೀನು ವಾಪಸ್ ಬರಬಾರ್ದು ಅಂತ ತಾನೇ ಈ ಧರ್ಮ?"

"ಹೂಂ, ಅದೂ ಇದೆ," ಅಂದ. ಸುಳ್ಳು ಹೇಳಲಿಲ್ಲ.

ಆಮೇಲೆ ಟ್ರಕ್ಕಿಗೆ ಕರೆದುಕೊಂಡು ಹೋಗಿ ಫ್ಲಾಸ್ಕಿನಿಂದ ಕಾಫಿ ಕೊಟ್ಟ. "ಸುಮ್ನೆ ಕೂತ್ಕೊಂಡು ನೋಡು," ಅಂದ. ಹೊಸ ಗಿರಾಕಿಯೊಬ್ಬ ಬಂದ, ವಯಸ್ಸಾದ ಮನುಷ್ಯ. ಮಷೀನು ಕೂಗಿತು. ಆತ ಸೊಂಟ ಹಿಡಿದುಕೊಂಡು ಕೂತ, ಅಗೆದ, ಬೆರಳಿನಿಂದ ಮಣ್ಣು ಒರೆಸಿ ಬಿಸಿಲಿಗೆ ಹಿಡಿದ. ಆಮೇಲೆ ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ, ಯಾರೂ ಇಲ್ಲ ಅಂದುಕೊಂಡು, ಅಲ್ಲೇ ಎರಡು ಹೆಜ್ಜೆ ಕುಣಿದ. ನಾನು ವರ್ಲಿನ್ ಕಡೆ ತಿರುಗಿದೆ. ಅವನ ಕಣ್ಣು ಒದ್ದೆಯಾಗಿತ್ತು.

"ಸಣ್ಣ ಅಂಗಡಿಯವನಿಗೆ ಇದೇ ಕಣೋ ಲಾಭ," ಅಂದ. "ದೊಡ್ಡ ಕಂಪನಿಯವನು ಪೆಟ್ಟಿಗೇಲಿ ಹಾಕಿ ಕಳಿಸಿಬಿಡ್ತಾನೆ. ಅವನಿಗೆ ಈ ಮುಖ ನೋಡೋಕೆ ಸಿಗಲ್ಲ. ಪಾಪ!"

ಟ್ರಕ್ಕು ನಿಲ್ಲುತ್ತಿದ್ದುದು ಅದಕ್ಕೆ. ಡೊನೆಟ್ ಬಂದ ದಿನವೂ ನಿಂತಿತ್ತು, ನೀವು ಬಂದ ದಿನವೂ ನಿಂತಿತ್ತು. ನಿಮ್ಮ ದಿನ ನೀವು ನೆಲ ನೋಡುತ್ತಿದ್ದಿರಿ, ಆದ್ದರಿಂದ ಟ್ರಕ್ಕು ಕಾಣಲಿಲ್ಲ. ಅವಳ ದಿನ ಮಾತ್ರ ಎಲ್ಲರಿಗೂ ಕಂಡಿತು!

ಏನು ಮಿಲ್ಟ್? — ಜೋರಾಗಿ ಹೇಳು. — "ನಂದೂ ಹಂಗೇನಾ?" ಅಂತ ಕೇಳುತ್ತಿದ್ದಾನೆ. ಗೊತ್ತಿಲ್ಲಪ್ಪ. ಆ ಮರದಡಿ ನಿಜವಾದ ಬೆಳ್ಳಿಯೂ ಇತ್ತು. ಒಂದು ಕಾಲದಲ್ಲಿ ಇಡೀ ಊರು ಅಲ್ಲಿ ಬ್ಯಾಂಡ್ ಕೇಳಲು ಕೂರುತ್ತಿತ್ತು. ಯಾರದು ಊರು ಬೀಳಿಸಿದ್ದು, ಯಾರದು ವರ್ಲಿನ್ ಇಟ್ಟದ್ದು ಎಂದು ಅವನು ನನಗೆ ಹೇಳಲಿಲ್ಲ. "ಬಾಯ್ಬಿಟ್ರೆ ಅವರ ಖುಷೀನ ನೀನೇ ಕಿತ್ಕೊಂಡ ಹಾಗೆ," ಅಂದಿದ್ದ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಈಗ ನನ್ನ ಮುಂದೆ ಎರಡೇ ದಾರಿ ಇದ್ದವು. ಸುಮ್ಮನಿದ್ದರೆ ಆರ್ಡಿತ್‌ಗೆ ಗಂಡನ ಹೆಸರು ಉಳಿಯುವುದಿಲ್ಲ. ಮಾತಾಡಿದರೆ ಡೊನೆಟ್‌ಗೆ ಅವಳ ಡೈಮ್ ಉಳಿಯುವುದಿಲ್ಲ.

ಅವಳನ್ನು ಕೇಳದೆ ನಾನು ಈ ವೇದಿಕೆ ಹತ್ತಲಿಲ್ಲ. ನಿನ್ನೆ ಪಾರ್ಲರಿಗೆ ಹೋಗಿ ನಾಣ್ಯದ ಕಥೆ, ಊರಿನ ಗುಸುಗುಸು ಎಲ್ಲ ಹೇಳಿದೆ. ಅವಳು ನೆಲದ ಮೇಲಿನ ಕೂದಲು ಗುಡಿಸುತ್ತಿದ್ದಳು. ಪೊರಕೆ ನಿಂತಿತು. "ಹಾಗಾದ್ರೆ ಇದು ನಂಗೆ ಸಿಕ್ಕಿದ್ದಲ್ಲ. ಭಿಕ್ಷೆ ಹಾಕಿದ್ದು," ಅಂದಳು. ಅವಳಿಗೆ ಸಿಟ್ಟು ಬಂದಿತ್ತು, ಬಂದದ್ದು ನ್ಯಾಯವೇ. "ಜಗತ್ತಿನಲ್ಲಿ ನನಗೋಸ್ಕರ ಏನೋ ಒಂದು ಕಾಯ್ತಾ ಇತ್ತು ಅಂತ ನಂಬಿಕೊಂಡು ಬೆಳಿಗ್ಗೆ ಏಳ್ತಾ ಇದ್ದೆ, ಲೋವೆಲ್."

ನಾನು ಬಾಗಿಲ ತನಕ ಬಂದಿದ್ದೆ. ಆಗ ಅವಳೇ ಕರೆದಳು. "ಆರ್ಡಿತ್ ಕೂದಲು ಕತ್ತರಿಸ್ಕೊಳ್ಳೋಕೆ ಪಕ್ಕದ ಊರಿಗೆ ಹೋಗೋಕೆ ಶುರು ಮಾಡಿದ್ಳು. ನನ್ನ ಕತ್ತರಿ ಸರಿಯಿಲ್ಲ ಅಂದ್ಕೊಂಡಿದ್ದೆ. ಇದಕ್ಕಾ?" ಹೌದು ಅಂದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಳು. "ಹಾಗಾದ್ರೆ ಹೇಳಿಬಿಡು. ನನಗೆ ಡೈಮ್ ಹೋಗುತ್ತೆ, ಅಷ್ಟೇ. ಪಾಪ, ಅವಳಿಗೆ ಗಂಡನೇ ಎರಡನೇ ಸಲ ಸಾಯ್ತಾ ಇದ್ದಾನೆ," ಅಂದಳು.

ಆರ್ಡಿತ್, ಡಬ್ಬದ ಬೆಳ್ಳಿ ಎಲ್ಲಿ ಹೋಯಿತು ಎಂದು ನೀನು ನನ್ನನ್ನು ಕೇಳಿದೆ. ಈ ಕೋಣೆಯಲ್ಲೇ ಇದೆ. ಯಾರದೋ ಜೇಬಿನಲ್ಲಿ, ಯಾರದೋ ಕಿಟಕಿಯ ಮೇಲೆ ಗಾಜಿನ ಚೌಕಟ್ಟಿನಲ್ಲಿ, ಯಾರದೋ ಕೀಲಿ ಗೊಂಚಲಲ್ಲಿ. ನಿನ್ನನ್ನು ಕೇಳದೆ ಖಾಲಿ ಮಾಡಿದ್ದು ಅವನ ತಪ್ಪು. ಅದನ್ನು ನಾನು ತೊಳೆಯಲು ಬಂದಿಲ್ಲ. ಅವನು ಬದುಕಿದ್ದರೆ ನೀನು ಅವನಿಗೆ ಚೆನ್ನಾಗಿ ಬಯ್ಯಬೇಕಿತ್ತು. ಆದರೆ ಅದು ಯಾವ ಒಬ್ಬ ಹೆಣ್ಣಿಗೂ ಹೋಗಿಲ್ಲ.

ಹಾಗಾದರೆ ಅವನು ಮಾಡಿದ್ದು ಪುಣ್ಯವೋ, ವ್ಯಾಪಾರವೋ? ನನಗೆ ಈಗಲೂ ಅನುಮಾನವಿದೆ. ಪಾದ್ರಿಗಳು ಪುಣ್ಯ ಎನ್ನುತ್ತಾರೆ; ಅವರೂ ನಮ್ಮಲ್ಲಿ ಮಷೀನು ಕೊಂಡವರೇ, ಅವರ ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ. ಸಕ್ಕರೆ ಕಾರ್ಖಾನೆ ಮುಚ್ಚಿ ನಾನು ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದ ಕಾಲದಲ್ಲಿ, ಹಳೆಯ ಮಷೀನೊಂದನ್ನು ನನ್ನ ಕೈಗೆ ತುರುಕಿ ಪಾರ್ಕಿಗೆ ಕಳಿಸಿದವನು ವರ್ಲಿನ್. ನನಗೂ ಅರ್ಧ ಡಾಲರ್ ಸಿಕ್ಕಿತು. ಮಾರನೆಯ ದಿನ ನಾನು ಹಾಸಿಗೆಯಿಂದ ಎದ್ದೆ, ಶೇವ್ ಮಾಡಿಕೊಂಡೆ. ಅದು ಯಾರಿಟ್ಟದ್ದು ಎಂದು ಅವನನ್ನು ಕೇಳಬಹುದಿತ್ತು. ಅನುಮಾನಕ್ಕೇ ಹುಟ್ಟಿದ ನಾನು ಇದೊಂದನ್ನು ಮಾತ್ರ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಸಾಕು. ಕಾಫಿ ಆರುತ್ತಿದೆ. ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ, ವರ್ಲಿನ್ ಹಾಸ್ಕೆಗಾಗಿ ಒಂದು ಗಳಿಗೆ ಮೌನವಾಗಿರೋಣ. ನಿಮ್ಮ ನಾಣ್ಯದ ಮೇಲೆ ಅನುಮಾನ ಇರುವವರೂ ಏಳಿ, ಇಲ್ಲದವರೂ ಏಳಿ. —

ಆರ್ಡಿತ್, ಒಂದು ನಿಮಿಷ. ಸಭೆ ಶುರುವಾದಾಗಿನಿಂದ ನೀನು ಒಂದು ಸಲವೂ ಹಿಂದಿನ ಸಾಲಿನ ಕಡೆ ನೋಡಿಲ್ಲ. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಡೊನೆಟ್, ಅಲ್ಲಿದ್ದಾಳೆ. ಮೌನಕ್ಕೆ ಮೊದಲು, ತಿರುಗಿ ಅವಳನ್ನು ನೋಡು.